ಕೊಟ್ಟರೂ ಕೊಟ್ಟಿಲ್ಲವೆಂದ ಯಂತ್ರ

ಅರುವತ್ತು ತುಂಬಿದ ಮೇಲೆ ಹೊಸ ವಿದ್ಯೆಗೆ ಕೈಹಚ್ಚುವವರನ್ನು ಕಂಡು ಲೋಕವು ನಗುವುದುಂಟು. ಮೂವತ್ತೈದು ವರ್ಷಗಳ ಕಾಲ ಪ್ರೌಢಶಾಲೆಯ ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿ ನಿವೃತ್ತಿ ಹೊಂದಿದ ನಾವು, ಮಗಳು ಬಿಟ್ಟುಹೋದ ಹಳೆಯ ಗಣಕಯಂತ್ರದ ಮುಂದೆ ಕುಳಿತು ಪೈಥಾನ್ ಎಂಬ ಯಂತ್ರಭಾಷೆಯನ್ನು ಅಭ್ಯಾಸ ಮಾಡುವುದನ್ನು ಕಂಡು ಮೊದಲು ನಕ್ಕವಳು ನಮ್ಮ ಗೃಹಿಣಿಯೇ. ನಗುವವರ ಮೇಲೆ ನಮಗೆ ಕೋಪವಿಲ್ಲ. ಆದರೆ ಈ ಅಭ್ಯಾಸದ ನಡುವೆ ಒಂದು ರಾತ್ರಿ ಯಂತ್ರವು ನಮಗೆ ಒಂದು ಮಾತನ್ನು ಹೇಳಿತು. ಅದೇ ಮಾತನ್ನು ನಾವು 1997ನೆಯ ಇಸವಿಯಲ್ಲಿ ಒಬ್ಬ ಬಾಲಕನಿಗೆ ಹೇಳಿದ್ದೆವು. ಆ ಕಾರಣದಿಂದ ಈ ವೃತ್ತಾಂತವನ್ನು ವಾಚಕರ ಮುಂದೆ ಇಡಲು ಮನಸ್ಸಾಗಿದೆ.

ನಮ್ಮ ತೀರ್ಥರೂಪರು ತಮ್ಮ ಆಯುಷ್ಯದ ಉತ್ತರಾರ್ಧವನ್ನೆಲ್ಲ ಒಂದು ಪದಸಂಗ್ರಹಕ್ಕೆ ಸವೆಸಿದವರು. ಸಂಸ್ಕೃತದ ಒಂದೊಂದು ಶಬ್ದಕ್ಕೂ ನಮ್ಮ ಹಾಸನದ ಸೀಮೆಯ ಅಡಿಗೆಯ ಮನೆಯಲ್ಲಿ, ಹೊಲಗದ್ದೆಗಳಲ್ಲಿ ಆಡುವ ಕನ್ನಡ ಮಾತು ಯಾವುದೆಂಬುದನ್ನು ಸಣ್ಣ ಚೀಟಿಗಳಲ್ಲಿ ಬರೆದು, ದಾರದಿಂದ ಕಟ್ಟಿ, ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅವರು ಹೋದ ಮೇಲೆ ಆ ಪೆಟ್ಟಿಗೆ ನಮ್ಮ ಪಾಲಿಗೆ ಬಂದಿತು. ಕೆಲವು ಚೀಟಿಗಳನ್ನು ಗೆದ್ದಲು ತಿಂದಿತ್ತು. ಮಿಕ್ಕವನ್ನು ನಾವೂ ಮಗಳೂ ಸೇರಿ ಯಂತ್ರಕ್ಕೆ ಬೆರಳಚ್ಚಿಸಿದೆವು. ಬೆಂಗಳೂರಿನಲ್ಲಿ ಗಣಕದ ಉದ್ಯೋಗದಲ್ಲಿರುವ ಮಗಳು ತನ್ನ ಬಿಡುವಿನ ವೇಳೆಯಲ್ಲಿ, ಬೇಕಾದ ಪದವನ್ನು ಆ ಸಂಗ್ರಹದಿಂದ ಹುಡುಕಿಕೊಡುವ ಒಂದು ಪುಟ್ಟ ಕ್ರಮವಿಧಿಯನ್ನು ರಚಿಸಿಕೊಟ್ಟಳು. ಅದನ್ನು ಕರೆಯುವ ಬಗೆಯನ್ನು ಒಂದು ಕಾಗದದ ಮೇಲೆ ಬರೆದು, "ಅಪ್ಪಾ, ಇನ್ನು ಮುಂದೆ ನೀವೇ ಮಾಡಿಕೊಳ್ಳಿ" ಎಂದು ಹೇಳಿ ಹೊರಟುಹೋದಳು.

ಈ ಪೈಥಾನ್ ಎಂಬ ಭಾಷೆಯನ್ನು ರಚಿಸಿದವರು ಹಾಲೆಂಡ್ ದೇಶದ ಗ್ವಿಡೊ ವಾನ್ ರಾಸಮ್ ಎಂಬವರು. ಅದು ಮೊದಲು ಲೋಕಕ್ಕೆ ಪ್ರಕಟವಾದದ್ದು 1991ರಲ್ಲಿ. ಹೆಸರು ಕೇಳಿದವರು ಹೆಬ್ಬಾವನ್ನು ನೆನೆಯುವರು. ನಾವೂ ಹಾಗೆಯೇ ನೆನೆದೆವು. ಆದರೆ ಆ ಹೆಸರು ಬಂದದ್ದು ಹಾವಿನಿಂದಲ್ಲ, ಇಂಗ್ಲೆಂಡಿನ ದೂರದರ್ಶನದಲ್ಲಿ ನಡೆಯುತ್ತಿದ್ದ ಮಾಂಟಿ ಪೈಥಾನ್ ಎಂಬ ಹಾಸ್ಯಪ್ರದರ್ಶನದಿಂದ. ಈ ಭಾಷೆಯ ಮೂರನೆಯ ಆವೃತ್ತಿಯಲ್ಲಿ ನಾವು ಇಡುವ ಹೆಸರುಗಳು ಕನ್ನಡ ಲಿಪಿಯಲ್ಲಿಯೇ ಇರಬಹುದು. ಮಗಳು ಇದನ್ನರಿತು, ತನ್ನ ರಚನೆಗೆ 'ಪದಕೋಶ' ಎಂದೂ, ಅದರೊಳಗಿನ ಕ್ರಿಯೆಗೆ 'ಹುಡುಕು' ಎಂದೂ ಹೆಸರಿಟ್ಟಿದ್ದಳು. ಅಪ್ಪನ ಮನಸ್ಸನ್ನು ಬಲ್ಲ ಮಗಳು.

ಯಂತ್ರಭಾಷೆಯ ಪರಿಚಯವಿಲ್ಲದ ಗೃಹಸ್ಥರಿಗಾಗಿ ಇಲ್ಲಿ ಎರಡು ಮಾತು ಹೇಳತಕ್ಕದ್ದು ಅವಶ್ಯ. ಯಂತ್ರದಲ್ಲಿ ಬರೆದಿಟ್ಟ ಒಂದು ಕ್ರಿಯೆಯು ಊರಿನ ಹಿಟ್ಟಿನ ಗಿರಣಿಯಂತೆ. ಗಿರಣಿಯವನಿಗೆ ನಾವು ರಾಗಿಯನ್ನು ಕೊಡಬೇಕು. ನುಣ್ಣಗೋ ತರಿತರಿಯಾಗಿಯೋ ಎಂಬುದನ್ನು ತಿಳಿಸಬೇಕು. ಕ್ರಿಯೆಗೆ ಹೀಗೆ ಒಪ್ಪಿಸುವ ವಸ್ತುಗಳಿಗೆ ಆ ಶಾಸ್ತ್ರದವರು ಆರ್ಗ್ಯುಮೆಂಟ್ ಎನ್ನುತ್ತಾರೆ. ಹೇಗೆ ಬೀಸಬೇಕೆಂಬುದನ್ನು ಹೇಳದಿದ್ದರೆ ಗಿರಣಿಯವನು ವಾಡಿಕೆಯಂತೆ ಬೀಸಿಕೊಡುತ್ತಾನೆ. ಆದರೆ ರಾಗಿಯನ್ನೇ ತರದೆ ಬರಿಯ ಚೀಲವನ್ನು ಹಿಡಿದು ನಿಂತರೆ, "ಕಾಳೆಲ್ಲಿ?" ಎಂದು ಕೇಳದೆ ಬಿಡುವುದಿಲ್ಲ. ವಾಡಿಕೆಯಿಂದ ತುಂಬಿಕೊಳ್ಳಬಹುದಾದ ಆರ್ಗ್ಯುಮೆಂಟುಗಳಿವೆ, ಕೊಟ್ಟೇ ತೀರಬೇಕಾದ ಆರ್ಗ್ಯುಮೆಂಟುಗಳಿವೆ. ಎರಡನೆಯ ಬಗೆಯದು ಇಲ್ಲವಾದರೆ ಯಂತ್ರವು ಕೆಲಸವನ್ನು ಅಲ್ಲಿಯೇ ನಿಲ್ಲಿಸಿ ದೋಷವನ್ನು ಸಾರುತ್ತದೆ.

ಶಾಸ್ತ್ರಾಭ್ಯಾಸ ಮಾಡಿದ ನಮಗೆ ಇದು ಹೊಸದೆಂದು ತೋರಲಿಲ್ಲ. ವಾಕ್ಯದಿಂದ ಅರ್ಥಬೋಧೆಯಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇರಬೇಕೆಂದು ನಮ್ಮ ಪೂರ್ವಿಕರು ನಿರ್ಣಯಿಸಿದ್ದಾರೆ. 'ಕೊಟ್ಟನು' ಎಂದೊಡನೆ ಯಾರು, ಯಾರಿಗೆ, ಏನನ್ನು ಎಂದು ಕೇಳುವವನ ಮನಸ್ಸು ಹಾತೊರೆಯುತ್ತದೆ, ಅದೇ ಆಕಾಂಕ್ಷೆ. ಕೊಟ್ಟ ವಸ್ತುವು ಕ್ರಿಯೆಗೆ ತಕ್ಕುದಲ್ಲದಿದ್ದರೆ, ಬೆಂಕಿಯಿಂದ ಗಿಡವನ್ನು ತೋಯಿಸಿದನೆಂದಂತೆ, ಯೋಗ್ಯತೆ ತಪ್ಪುತ್ತದೆ. ಯಂತ್ರದ ದೋಷಗಳಲ್ಲಿಯೂ ಈ ಎರಡು ಬಗೆಗಳನ್ನು ನಾವು ಕಂಡೆವು.

ಭೇದವೊಂದುಂಟು. ನಮ್ಮ ಭಾಷೆಗಳಲ್ಲಿ ಪದದ ಪಾತ್ರವನ್ನು ತಿಳಿಸುವುದು ವಿಭಕ್ತಿ. "ಹುಡುಗನು ಹಸುವಿಗೆ ಹುಲ್ಲನ್ನು ಹಾಕಿದನು" ಎಂಬುದನ್ನು "ಹುಲ್ಲನ್ನು ಹಸುವಿಗೆ ಹುಡುಗನು ಹಾಕಿದನು" ಎಂದರೂ ಹಸುವು ಹುಡುಗನನ್ನು ತಿನ್ನುವುದಿಲ್ಲ. ಯಂತ್ರಕ್ಕೆ ಹೆಸರು ಹೇಳಿಯೇ ಒಪ್ಪಿಸುವ ಮಾರ್ಗವೂ ಇದೆ. ಆಗ ಹೆಸರೇ ವಿಭಕ್ತಿಯ ಕೆಲಸವನ್ನು ಮಾಡುತ್ತದೆ. ಆದರೆ ಹೆಸರು ಹೇಳದೆ ಬರಿದೆ ಸಾಲಾಗಿ ಒಪ್ಪಿಸಿದರೆ, ಅಲ್ಲಿ ಸ್ಥಾನವೇ ವಿಭಕ್ತಿ. ಮೊದಲು ಕೊಟ್ಟದ್ದು ಮೊದಲ ಮಣೆಯ ಮೇಲೆ, ಎರಡನೆಯದು ಎರಡನೆಯ ಮಣೆಯ ಮೇಲೆ. ಮಣೆ ಯಾರದೆಂದು ಯಂತ್ರವು ವಿಚಾರಿಸುವುದಿಲ್ಲ. ನಮ್ಮ ಕಥೆಯ ಬೀಜವು ಇಲ್ಲಿದೆ.

ಆ ರಾತ್ರಿ ಊಟವಾದ ಮೇಲೆ ನಾವು ತಂದೆಯವರ ಸಂಗ್ರಹದಲ್ಲಿ 'ದರ್ವೀ' ಎಂಬ ಶಬ್ದವನ್ನು ಹುಡುಕಹೊರಟೆವು. ಮೊದಲ ಪಂಕ್ತಿಯಲ್ಲಿ 'ಕೋಶ = ಪದಕೋಶ' ಎಂದು ಬರೆದೆವು. ಎರಡನೆಯ ಪಂಕ್ತಿಯಲ್ಲಿ 'ಕೋಶ.ಹುಡುಕು' ಎಂದು ಬರೆದು, ಕಂಸದೊಳಗೆ ಉದ್ಧರಣಚಿಹ್ನೆಗಳ ನಡುವೆ 'ದರ್ವೀ' ಎಂಬ ಪದವನ್ನು ಇಟ್ಟು ಗುಂಡಿಯನ್ನು ಒತ್ತಿದೆವು. ಯಂತ್ರವು ನಾಲ್ಕಾರು ಪಂಕ್ತಿಗಳನ್ನು ಕಕ್ಕಿತು. ಕಡೆಯ ಪಂಕ್ತಿ ಹೀಗಿತ್ತು: 'ಟೈಪ್ ಎರರ್: ಪದಕೋಶ.ಹುಡುಕು() ಮಿಸ್ಸಿಂಗ್ 1 ರಿಕ್ವೈರ್ಡ್ ಪೊಸಿಷನಲ್ ಆರ್ಗ್ಯುಮೆಂಟ್: ಪದ'. ಅರ್ಥಾತ್, ಸ್ಥಾನದಿಂದ ತಿಳಿಯತಕ್ಕ ಒಂದು ಅವಶ್ಯಕವಾದ ಆರ್ಗ್ಯುಮೆಂಟು ಬಂದಿಲ್ಲ, ಬಾರದಿರುವುದು 'ಪದ'.

ನಮಗೆ ಸಿಟ್ಟು ಬಂದಿತು. ಪದವನ್ನು ಕೊಟ್ಟಿದ್ದೇವೆ, ಕಣ್ಣೆದುರಿಗೆ ಇದೆ, ಆದರೂ ಕೊಟ್ಟಿಲ್ಲವೆನ್ನುತ್ತದೆ! ಕಾಗುಣಿತವನ್ನು ನೋಡಿದೆವು, ಸರಿಯಾಗಿತ್ತು. ಉದ್ಧರಣಚಿಹ್ನೆಗಳನ್ನು ಅಳಿಸಿ ಮತ್ತೆ ಹಾಕಿದೆವು. ಅದೇ ಉತ್ತರ. "ಕೊಟ್ಟಿದ್ದೇನಲ್ಲಯ್ಯಾ!" ಎಂದು ಯಂತ್ರಕ್ಕೆ ಗಟ್ಟಿಯಾಗಿಯೇ ಹೇಳಿದೆವೆಂದು ತೋರುತ್ತದೆ, ಒಳಗಿನಿಂದ ಗೃಹಿಣಿಯು "ಯಾರು ಬಂದಿದ್ದಾರೆ?" ಎಂದು ಕೇಳಿದಳು.

ಸಿಟ್ಟು ಇಳಿದ ಮೇಲೆ, ಮಗಳು ಬರೆದಿದ್ದ ಮೂಲ ವಿಧಿಯನ್ನು ತೆರೆದು ನೋಡಿದೆವು. 'ಹುಡುಕು' ಎಂಬುದರ ಮುಂದೆ ಒಂದಲ್ಲ, ಎರಡು ಸ್ಥಾನಗಳಿದ್ದುವು: ಮೊದಲು 'ಸೆಲ್ಫ್', ಆಮೇಲೆ 'ಪದ'. ಸೆಲ್ಫ್ ಎಂದರೆ ತಾನು, ಆತ್ಮ. ಇದೇನು, ಯಂತ್ರವು ವೇದಾಂತವನ್ನು ಹೇಳಹೊರಟಿದೆಯೆ ಎಂದು ಬೆರಗಾದೆವು. ಎರಡು ಸ್ಥಾನಗಳಿಗೆ ಎರಡು ವಸ್ತುಗಳನ್ನು ಕೊಟ್ಟರೆ ತೃಪ್ತಿಯಾದೀತೆಂದು 'ದರ್ವೀ' ಎಂಬುದನ್ನೇ ಎರಡು ಸಲ ಒಪ್ಪಿಸಿದೆವು. ಆಗ ಯಂತ್ರವು ಹಳೆಯ ದೂರನ್ನು ಬಿಟ್ಟು ಹೊಸ ದೂರನ್ನು ತೆಗೆಯಿತು: ಬರಿಯ ಅಕ್ಷರಮಾಲೆಗೆ 'ಚೀಟಿಗಳು' ಎಂಬ ಗುಣವಿಲ್ಲ ಎಂದಿತು. ರೋಗವು ವಾಸಿಯಾಗದೆ ಒಂದು ಅಂಗದಿಂದ ಇನ್ನೊಂದಕ್ಕೆ ಸರಿದಂತಾಯಿತು.

ಕೊನೆಗೆ ಮೇಷ್ಟರ ಹಳೆಯ ಉಪಾಯವೊಂದನ್ನು ಮಾಡಿದೆವು. ಲೆಕ್ಕ ತಪ್ಪಿದಾಗ ಸಂಖ್ಯೆಗಳನ್ನು ಚಿಕ್ಕದು ಮಾಡಿ ನೋಡೆಂದು ಹುಡುಗರಿಗೆ ಹೇಳುವುದಿಲ್ಲವೆ? ಅದರಂತೆ ಕಂಸದೊಳಗೆ ಏನನ್ನೂ ಇಡದೆ ಕರೆದೆವು. ಈಗ ಯಂತ್ರವು, ಎರಡು ಆರ್ಗ್ಯುಮೆಂಟುಗಳು ಬಂದಿಲ್ಲ, 'ಸೆಲ್ಫ್' ಮತ್ತು 'ಪದ' ಎಂದು ಹೇಳಿತು. ಆಗ ನಮಗೆ ಬೆಳಕು ಹರಿಯಿತು. ಏನೂ ಕೊಡದಿದ್ದಾಗ ಎರಡೂ ಇಲ್ಲ. ಒಂದನ್ನು ಕೊಟ್ಟಾಗ 'ಪದ' ಮಾತ್ರ ಇಲ್ಲ. ಹಾಗಾದರೆ ನಾವು ಕೊಟ್ಟದ್ದು ಹೋಗಿ ಕುಳಿತದ್ದೆಲ್ಲಿ? 'ಸೆಲ್ಫ್' ಎಂಬ ಮಣೆಯ ಮೇಲೆ! ಮೊದಲನೆಯದಾಗಿ ಬಂದ ತಪ್ಪಿಗೆ ಅದು ಅನ್ಯರ ಸ್ಥಾನದಲ್ಲಿ ಕುಳಿತಿತು. ಅದರ ಸ್ವಂತ ಸ್ಥಾನವು ಬರಿದಾಗಿ ಕಂಡಿತು. ಯಂತ್ರವು ಸುಳ್ಳಾಡಿರಲಿಲ್ಲ, ಆದರೆ ನಾವೂ ಸುಳ್ಳಾಡಿರಲಿಲ್ಲ.

'ಸೆಲ್ಫ್' ಎಂಬ ಮಣೆ ಬರಿದಾಗಿದ್ದುದೇಕೆ? ದೋಷವನ್ನು ಸಾರಿದ ಪಂಕ್ತಿಯನ್ನು ಬಿಟ್ಟು ಅದರ ಮೇಲಿನ ಪಂಕ್ತಿಯನ್ನು ನೋಡಿದೆವು. ಮಗಳ ಕಾಗದದೊಡನೆ ಹೋಲಿಸಿದೆವು. ಆಕೆ 'ಪದಕೋಶ' ಎಂಬುದರ ಮುಂದೆ ಒಂದು ಬರಿಯ ಕಂಸದ ಜೋಡಿಯನ್ನು ಬರೆದಿದ್ದಳು. ಒಳಗೆ ಏನೂ ಇಲ್ಲದ ಕಂಸದಿಂದ ಏನು ಪ್ರಯೋಜನವೆಂದು ನಾವು ಅದನ್ನು ಬಿಟ್ಟಿದ್ದೆವು.

ಪ್ರಯೋಜನವಿದೆ. ತರ್ಕಶಾಸ್ತ್ರದಲ್ಲಿ ಜಾತಿ ಬೇರೆ, ವ್ಯಕ್ತಿ ಬೇರೆ. ಗೋತ್ವವೆಂಬ ಜಾತಿಯು ಎಲ್ಲ ಹಸುಗಳಲ್ಲಿಯೂ ಇದ್ದರೂ, ಚೆಂಬನ್ನು ಹಿಡಿದು ಗೋತ್ವದ ಹತ್ತಿರ ಹೋದವನಿಗೆ ಹಾಲು ದೊರೆಯದು. ಕೊಟ್ಟಿಗೆಯಲ್ಲಿರುವ ಒಂದು ಹಸುವಿನ ಬಳಿಗೇ ಹೋಗಬೇಕು. ಮಗಳು ಬರೆದ 'ಪದಕೋಶ'ವು ಜಾತಿ. ಅದರ ಮುಂದೆ ಕಂಸವನ್ನಿಟ್ಟಾಗಲೇ ಒಂದು ವ್ಯಕ್ತಿಯು ಹುಟ್ಟಿ, ಚೀಟಿಗಳನ್ನೆಲ್ಲ ಓದಿಕೊಂಡು ಸಿದ್ಧವಾಗುತ್ತದೆ. ಆ ವ್ಯಕ್ತಿಯ ಮೂಲಕ 'ಹುಡುಕು' ಎಂದಾಗ ಯಂತ್ರವು ತಾನಾಗಿಯೇ ಅದನ್ನು 'ಸೆಲ್ಫ್' ಎಂಬ ಸ್ಥಾನದಲ್ಲಿ ಕೂಡಿಸುತ್ತದೆ, ನಾವು ಹೇಳಬೇಕಾದುದಿಲ್ಲ. 'ಬಂದೆನು' ಎಂಬಲ್ಲಿ 'ನಾನು' ಎಂಬುದು ಕ್ರಿಯಾಪದದ ಬಾಲದಲ್ಲಿಯೇ ಅಡಗಿರುವಂತೆ ಇದು. ನಾವು ವ್ಯಕ್ತಿಯನ್ನು ಹುಟ್ಟಿಸದೆ ಜಾತಿಯನ್ನೇ ಕರೆದಿದ್ದೆವು. ಕೂಡಿಸಲು ವ್ಯಕ್ತಿಯಿಲ್ಲದೆ, ಯಂತ್ರವು ನಮ್ಮ 'ದರ್ವೀ'ಯನ್ನೇ ಹಸುವೆಂದು ಬಗೆಯಿತು.

ಬರಿಯ ಕಂಸದ ಜೋಡಿಯನ್ನು ಇಟ್ಟೆವು. ಕ್ಷಣಾರ್ಧದಲ್ಲಿ ತಂದೆಯವರ ಮಾತು ತೆರೆಯ ಮೇಲೆ ಮೂಡಿತು: 'ದರ್ವೀ: ಸೌಟು, ಹಾವಿನ ಹೆಡೆಗೂ ಹೇಳುವರು.' ಅಕ್ಷರಗಳು ಯಂತ್ರದವು, ಆದರೆ ಧ್ವನಿ ಅವರದು. ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆವು.

ಮಾರನೆಯ ದಿನ ದೂರವಾಣಿಯಲ್ಲಿ ಮಗಳಿಗೆ ತಿಳಿಸಿದೆವು. ಆಕೆ ನಕ್ಕು, "ಅಪ್ಪಾ, ಈ ತಪ್ಪನ್ನು ನಮ್ಮ ಕಚೇರಿಯಲ್ಲಿ ಅನುಭವಸ್ಥರೂ ಮಾಡುತ್ತಾರೆ" ಎಂದಳು. ಇನ್ನೊಂದು ಸಂಗತಿಯನ್ನೂ ಹೇಳಿದಳು. ಈ ಭಾಷೆಯ ಹಳೆಯ ಎರಡನೆಯ ಆವೃತ್ತಿಯಲ್ಲಿ ಆರ್ಗ್ಯುಮೆಂಟು ಕಡಿಮೆಯಾದರೆ, ಇಷ್ಟು ಬೇಕಾಗಿತ್ತು, ಇಷ್ಟು ಬಂದಿದೆ ಎಂದು ಸಂಖ್ಯೆಯನ್ನು ಮಾತ್ರ ಹೇಳುತ್ತಿತ್ತಂತೆ. ಇಲ್ಲದುದರ ಹೆಸರನ್ನು ಹೇಳುವ ಪದ್ಧತಿ 2012ರಲ್ಲಿ ಬಂದ 3.3ನೆಯ ಆವೃತ್ತಿಯಿಂದ ಆರಂಭವಾಯಿತು. ಆದರೆ ನಮ್ಮಂಥ ತಪ್ಪಿಗೆ, ಅಂದರೆ ವ್ಯಕ್ತಿಯ ಬದಲು ಜಾತಿಯನ್ನು ಕರೆದಾಗ, ಆ ಹಳೆಯ ಆವೃತ್ತಿಯೇ ಹೆಚ್ಚು ಸ್ಪಷ್ಟವಾಗಿ, ಮೊದಲ ಸ್ಥಾನದಲ್ಲಿ ಪದಕೋಶದ ವ್ಯಕ್ತಿ ಇರಬೇಕಾಗಿತ್ತು, ಅಕ್ಷರಮಾಲೆ ಬಂದಿದೆ ಎಂದು ಎಚ್ಚರಿಸುತ್ತಿತ್ತಂತೆ. ಆ ಎರಡನೆಯ ಆವೃತ್ತಿಯ ಪೋಷಣೆಯು 2020ನೆಯ ಜನವರಿ 1ರಿಂದ ನಿಂತುಹೋಗಿದೆ.

ಈ ವಿದ್ಯೆಗೆ ಕೈಹಚ್ಚುವ ಗೃಹಸ್ಥರಿಗೂ ಅವರ ಮಕ್ಕಳಿಗೂ ನಮ್ಮ ಅನುಭವದಿಂದ ಹೇಳಬಹುದಾದುದು ಇಷ್ಟು. ಯಂತ್ರವು ದೋಷವನ್ನು ಸಾರಿದಾಗ ಕಡೆಯ ಪಂಕ್ತಿಯನ್ನು ಮೊದಲು ಓದಿರಿ. ಯಾವ ಕ್ರಿಯೆ, ಯಾವ ಆರ್ಗ್ಯುಮೆಂಟು ಎಂಬುದನ್ನು ಗುರುತಿಸಿ, ಕ್ರಿಯೆಯ ಮೂಲ ವಿಧಿಯನ್ನು ತೆರೆದು ಸ್ಥಾನಗಳನ್ನು ಎಣಿಸಿರಿ; ನೀವು ಕೊಟ್ಟವನ್ನು ಎಣಿಸಿ ಒಂದಕ್ಕೊಂದು ಹೊಂದಿಸಿರಿ. ನಿಜವಾಗಿಯೂ ಕೊಡದೆ ಬಿಟ್ಟಿದ್ದರೆ ಕೊಡಿರಿ. ಕೊಟ್ಟಿದ್ದೂ ಕೊಟ್ಟಿಲ್ಲವೆಂದರೆ, ಅದು ಬೇರೆಯವರ ಸ್ಥಾನದಲ್ಲಿ ಕುಳಿತಿದೆಯೆಂದು ತಿಳಿದು, ಆ ಸ್ಥಾನವನ್ನು ತುಂಬಬೇಕಾಗಿದ್ದವರು ಏಕೆ ಬರಲಿಲ್ಲವೆಂದು ಮೇಲಿನ ಪಂಕ್ತಿಗಳಲ್ಲಿ ಹುಡುಕಿರಿ. ದೋಷವು ಕಾಣಿಸಿಕೊಂಡ ಸ್ಥಳವೇ ದೋಷವು ಹುಟ್ಟಿದ ಸ್ಥಳವಾಗಿರಬೇಕೆಂಬ ನಿಯಮವಿಲ್ಲ.

ಈ ಕೊನೆಯ ಮಾತನ್ನು ಬರೆಯುವಾಗ ನಮ್ಮ ಕೈ ತಡೆಯಿತು. ವಾಚಕರಿಗೆ ಬೋಧಿಸುವುದಕ್ಕೆ ಮುಂಚೆ ತೀರಿಸಬೇಕಾದ ಋಣವೊಂದಿತ್ತು.

1997ರಲ್ಲಿ ನಾವು ಎಂಟನೆಯ ತರಗತಿಯ ಎರಡು ವಿಭಾಗಗಳಿಗೆ ಪಾಠ ಹೇಳುತ್ತಿದ್ದೆವು. ಒಂದು ಬೆಳಿಗ್ಗೆ 'ಎ' ವಿಭಾಗದ ಹುಡುಗರಿಗೆ ಅಭ್ಯಾಸಪುಸ್ತಕಗಳನ್ನು ಮೇಜಿನ ಮೇಲೆ ಇಡುವಂತೆ ಹೇಳಿದೆವು. ಹಿಂದಿನ ದಿನದ 'ಬಿ' ವಿಭಾಗದ ಪುಸ್ತಕಗಳನ್ನು ನಾವು ಮೇಜಿನಿಂದ ತೆಗೆದಿರಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಬಂದ ಹುಡುಗನು ತನ್ನ ಪುಸ್ತಕವನ್ನು ಆ ರಾಶಿಯ ಮೇಲೆ ಇಟ್ಟನು. ಆಮೇಲೆ ನಮಗೆ ನೆನಪಾಗಿ ಆ ರಾಶಿಯನ್ನು ಎತ್ತಿ ಬೀರುವಿನಲ್ಲಿ ಇಟ್ಟೆವು. ಉಳಿದವರು ಬರಿದಾದ ಮೇಜಿನ ಮೇಲೆ ಇಟ್ಟರು. ಸಂಜೆ ಎಣಿಸಿದಾಗ ಒಂದು ಕಡಿಮೆ. ಮರುದಿನ ಆ ಹುಡುಗನನ್ನು ನಿಲ್ಲಿಸಿ, ಪುಸ್ತಕವನ್ನು ಕೊಟ್ಟಿಲ್ಲವೇಕೆಂದು ಕೇಳಿದೆವು. "ಕೊಟ್ಟಿದೀನಿ ಸಾರ್" ಎಂದನು. ಮೂರು ಸಲ ಕೇಳಿದೆವು, ಮೂರು ಸಲವೂ ಅದೇ ಉತ್ತರವನ್ನು ಹೇಳಿದನು. ಮೂರನೆಯ ಸಲ ಅವನ ಧ್ವನಿ ನಡುಗಿತು. ಅದನ್ನು ನಾವು ಸುಳ್ಳಿನ ಲಕ್ಷಣವೆಂದು ತಿಳಿದೆವು. ತರಗತಿಯ ಮುಂದೆ ಸುಳ್ಳುಗಾರನೆಂದು ಕರೆದು, ಹೊಸ ಪುಸ್ತಕವನ್ನು ತಂದು ಎಲ್ಲ ಪಾಠಗಳನ್ನೂ ಮತ್ತೆ ಬರೆಯುವಂತೆ ವಿಧಿಸಿದೆವು. ಬರೆದನು. ಮೂರು ವಾರಗಳ ತರುವಾಯ ಬೀರುವಿನಲ್ಲಿ 'ಬಿ' ವಿಭಾಗದ ರಾಶಿಯ ಮೇಲೆ ಅವನ ಮೊದಲಿನ ಪುಸ್ತಕವು ಸಿಕ್ಕಿತು. ಅದನ್ನು ಅವನಿಗೆ ಕೊಡಲು ನಮಗೆ ಮುಖವಿರಲಿಲ್ಲ, ಬಿಸಾಡಲು ಮನಸ್ಸಾಗಲಿಲ್ಲ. ಮನೆಗೆ ತಂದು ಪೆಟ್ಟಿಗೆಯ ತಳದಲ್ಲಿ ಇಟ್ಟೆವು. ಮರುವರ್ಷ ಅವನು ಸಂಸ್ಕೃತವನ್ನು ಬಿಟ್ಟನು.

ಆ ಹುಡುಗನು ಈಗ ನಲವತ್ತು ದಾಟಿದ ಗೃಹಸ್ಥ. ನಮ್ಮ ಊರಿನಲ್ಲಿಯೇ ಪಂಪುಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯನ್ನು ಇಟ್ಟಿದ್ದಾನೆ. ಬೀದಿಯಲ್ಲಿ ಕಂಡಾಗಲೆಲ್ಲ ನಮಸ್ಕರಿಸುತ್ತಾನೆ. ನಾವು ಪ್ರತಿನಮಸ್ಕಾರ ಮಾಡಿ ಬೇಗನೆ ದಾಟಿಹೋಗುತ್ತಿದ್ದೆವು. ಆ ಮಧ್ಯಾಹ್ನ ಪೆಟ್ಟಿಗೆಯಿಂದ ಪುಸ್ತಕವನ್ನು ತೆಗೆದುಕೊಂಡು ಅವನ ಅಂಗಡಿಗೆ ಹೋದೆವು. ನಡೆದುದನ್ನು ಮುಚ್ಚುಮರೆಯಿಲ್ಲದೆ ಹೇಳಿ, "ನೀನು ಕೊಟ್ಟಿದ್ದೆಯಪ್ಪಾ. ತಪ್ಪು ನಮ್ಮದು" ಎಂದೆವು.

ಅವನು ಎಣ್ಣೆಯ ಕೈಯನ್ನು ಬಟ್ಟೆಗೆ ಒರಸಿಕೊಂಡು ಪುಸ್ತಕವನ್ನು ತೆಗೆದುಕೊಂಡನು. ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, "ನನಗೆ ನೆನಪಿದೆ ಸಾರ್. ಎರಡನೇ ಪುಸ್ತಕಕ್ಕೆ ಅಮ್ಮ ಹೂವಿನಂಗಡಿಯಿಂದ ಸಾಲ ತಂದಿದ್ದಳು. ನಾನು ಮೊದಲನೇದನ್ನ ಕೊಟ್ಟಿದ್ದು ನಿಜ ಅಂತ ಅವಳೊಬ್ಬಳೇ ನಂಬಿದ್ದು. ಅವಳು ಹೋಗಿ ಆರು ವರ್ಷ ಆಯ್ತು" ಎಂದನು. ನಾವು ತಲೆಯನ್ನು ತಗ್ಗಿಸಿದೆವು. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಹೇಳಲಿಯೆಂದು ನಿರೀಕ್ಷಿಸುವ ಅಧಿಕಾರವು ನಮಗಿರಲಿಲ್ಲ.

ಪುಟಗಳನ್ನು ತಿರುವಿಹಾಕುತ್ತ ಅವನು, "ಇದನ್ನ ನೀವು ತಿದ್ದೇ ಇಲ್ಲವಲ್ಲ ಸಾರ್" ಎಂದನು. ಅವನ ಮುಖದಲ್ಲಿ ನಗೆಯಿದ್ದಿತೋ ಇಲ್ಲವೋ ನಾವು ಅರಿಯೆವು. ಬಿಲ್ಲು ಬರೆಯುವ ಕೆಂಪು ಲೇಖನಿಯೊಂದು ಅಂಗಡಿಯ ಮೇಜಿನ ಮೇಲೆ ಇತ್ತು. ಅದನ್ನು ಕೇಳಿ ತೆಗೆದುಕೊಂಡು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು, ಮೊದಲ ಪುಟದಿಂದ ಕಡೆಯವರೆಗೆ ತಿದ್ದಿದೆವು. ಅಕ್ಷರಗಳು ಮುದ್ದಾಗಿದ್ದುವು. ನಾಲ್ಕು ಕಡೆ ತಪ್ಪಿತ್ತು. ಸೇವೆಯಲ್ಲಿದ್ದಾಗ ಅಂಥ ಕಡೆಗಳಲ್ಲಿ 'ಅಪೂರ್ಣ' ಎಂದು ಒಂದೇ ಮಾತನ್ನು ಗೀಚಿ ಮುಂದೆ ಹೋಗುವುದು ನಮ್ಮ ಅಭ್ಯಾಸವಾಗಿತ್ತು. ಈಗ ಹಾಗೆ ಮಾಡದೆ, ಇಲ್ಲಿ ವಿಸರ್ಗವಿಲ್ಲ, ಇಲ್ಲಿ ಕರ್ಮಪದವಿಲ್ಲ ಎಂದು, ಇಲ್ಲದುದರ ಹೆಸರನ್ನು ಪಕ್ಕದಲ್ಲಿ ಬರೆದೆವು. ಕೊನೆಯಲ್ಲಿ ರುಜು ಹಾಕಿ ತಾರೀಖನ್ನು ಬರೆಯಹೋದಾಗ ಅವನು ಬಗ್ಗಿ ನೋಡಿ, "ಆಗಿನ ತಾರೀಖು ಹಾಕಬೇಡಿ ಸಾರ್, ಇವತ್ತಿಂದೇ ಹಾಕಿ" ಎಂದನು. ಹಾಗೆಯೇ ಹಾಕಿದೆವು.

ಮನೆಯಲ್ಲಿ ಮಕ್ಕಳುಳ್ಳ ವಾಚಕರಲ್ಲಿ ನಮ್ಮದೊಂದು ಅರಿಕೆ. ಮಗುವು "ಕೊಟ್ಟಿದ್ದೇನೆ" ಎಂದಾಗ, ನಿಮ್ಮ ಕೈಗೆ ಬಂದಿಲ್ಲವೆಂಬ ಒಂದೇ ಕಾರಣದಿಂದ ಅದನ್ನು ಸುಳ್ಳೆಂದು ಎಣಿಸಬೇಡಿರಿ. ಕೊಡತಕ್ಕ ಸ್ಥಾನವನ್ನು ನೀವು ಸಿದ್ಧಪಡಿಸಿದ್ದಿರೋ ಇಲ್ಲವೋ ಎಂಬುದನ್ನು ಒಮ್ಮೆ ಹಿಂತಿರುಗಿ ನೋಡಿರಿ. ನಮ್ಮ ಮಟ್ಟಿಗೆ ಅಷ್ಟನ್ನು ನೋಡುವುದಕ್ಕೆ ಅರುವತ್ತು ವರ್ಷ ಬೇಕಾಯಿತು.